ಕಾಡುಕುದುರೆ ಹೋದ ಮೇಲೂ ಉಳಿದ ಹಬ್ಬ



ಒಂದು ಹಬ್ಬದಲ್ಲಿ ಏನೇನು ಬದಲಾಗಬಹುದು? ಯಾವುದು ಬದಲಾದರೆ ಅದು ಆ ಹಬ್ಬವಾಗಿ ಉಳಿಯುವುದಿಲ್ಲ? ಆಚರಣೆಗಳನ್ನು ಅಭ್ಯಾಸ ಮಾಡುವ ಎಲ್ಲರನ್ನೂ ಕಾಡುವ ಪ್ರಶ್ನೆ ಇದು. ಸಿದ್ಧಾಂತಗಳ ಮೂಲಕ ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಒಂದೇ ಒಂದು ಹಬ್ಬವನ್ನು ಹಿಡಿದು, ಅದು ಕಾಲಕಾಲಕ್ಕೆ ಏನನ್ನು ಕಳೆದುಕೊಂಡಿತು, ಏನನ್ನು ಕಟ್ಟಿಕೊಂಡಿತು ಎಂದು ನೋಡುವುದು ನನಗೆ ಹೆಚ್ಚು ಫಲಕಾರಿ ಅನಿಸುತ್ತದೆ. ಹಾಗಾಗಿ ಇಂದಿನ ಉಪನ್ಯಾಸಕ್ಕೆ ಜಪಾನಿನ ಸೋಮಾ ನೊಮಾಓಯಿ ಎಂಬ ಕುದುರೆ ಹಬ್ಬವನ್ನು ಆರಿಸಿಕೊಂಡಿದ್ದೇನೆ.

ಜಪಾನಿನ ಈಶಾನ್ಯ ಭಾಗದಲ್ಲಿ, ಪೆಸಿಫಿಕ್ ಸಾಗರದ ಅಂಚಿಗೆ, ಫುಕುಷಿಮಾ ಪ್ರಾಂತ್ಯವಿದೆ. ಅದರ ಕಡಲತೀರದ ಸೋಮಾ ಮತ್ತು ಮಿನಾಮಿಸೋಮಾ ನಗರಗಳು ಹಾಗೂ ಸುತ್ತಲಿನ ಊರುಗಳು ಸೇರಿ ಮೂರು ದಿನ ಈ ಹಬ್ಬ ನಡೆಸುತ್ತವೆ. ನಾಲ್ಕುನೂರರ ಆಸುಪಾಸಿನ ಸವಾರರು ಮನೆತನದ ಕವಚ, ಶಿರಸ್ತ್ರಾಣ ತೊಟ್ಟು, ಬೆನ್ನಿಗೆ ತಮ್ಮ ಮನೆಯ ಲಾಂಛನದ ಬಾವುಟ ಕಟ್ಟಿಕೊಂಡು ಕುದುರೆ ಏರುತ್ತಾರೆ. ಜಪಾನ್ ಸರ್ಕಾರ 1978ರಲ್ಲಿ ಇದನ್ನು ರಾಷ್ಟ್ರದ ಮಹತ್ವದ ಅಮೂರ್ತ ಜಾನಪದ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಹೀಗೆ ಘೋಷಿಸಿದ ಮೇಲೆ ಯಾವ ಆಚರಣೆಯೂ ಗಾಜಿನ ಪೆಟ್ಟಿಗೆಯೊಳಗಿನ ವಸ್ತುವಾಗಿಬಿಡುವ ಅಪಾಯವಿರುತ್ತದೆ. ನೊಮಾಓಯಿ ಹಾಗಾಗಲಿಲ್ಲ. ಏಕೆ ಎಂಬುದಕ್ಕೆ ಉತ್ತರ ಅದರ ಚರಿತ್ರೆಯಲ್ಲಿದೆ.

ಹಬ್ಬದ ಮೂಲವನ್ನು ಅಲ್ಲಿಯ ಜನ ಸಾವಿರ ವರ್ಷಕ್ಕೂ ಹಿಂದಕ್ಕೆ ಒಯ್ಯುತ್ತಾರೆ. ಹತ್ತನೆಯ ಶತಮಾನದಲ್ಲಿ ತೈರಾ ನೊ ಮಸಾಕಾದೊ ಎಂಬ ವೀರ, ಇಂದಿನ ಚಿಬಾ ಪ್ರಾಂತ್ಯದ ಬಯಲಿನಲ್ಲಿ ಕಾಡುಕುದುರೆಗಳನ್ನು ಬಿಟ್ಟು, ಅವನ್ನು ಶತ್ರುಗಳೆಂದು ಭಾವಿಸಿ ಅಟ್ಟಿ ಹಿಡಿಯುವ ತರಬೇತಿಯನ್ನು ತನ್ನ ಪಡೆಗೆ ಕೊಟ್ಟನಂತೆ. ಹಿಡಿದ ಕುದುರೆ ದೇವರಿಗೆ ಮೀಸಲು. ಇದು ಐತಿಹ್ಯ. ಇತಿಹಾಸದ ನೆಲ ಗಟ್ಟಿಯಾಗುವುದು ಸೋಮಾ ಮನೆತನದಿಂದ. ಮಸಾಕಾದೊನ ವಂಶದವರೆಂದು ಹೇಳಿಕೊಳ್ಳುವ ಈ ಮನೆತನದ ಷಿಗೆತಾನೆ 1323ರಲ್ಲಿ ಚಿಬಾ ಕಡೆಯ ತವರುನೆಲವನ್ನು ಬಿಟ್ಟು ಈಶಾನ್ಯದ ಈ ಕರಾವಳಿಗೆ ಬಂದು ನೆಲೆನಿಂತ. ಬರುವಾಗ ಕುಲದೇವತೆ ಮ್ಯೋಕೆನ್‌ನನ್ನೂ ಕುದುರೆ ಅಟ್ಟುವ ಪದ್ಧತಿಯನ್ನೂ ಜೊತೆಗೆ ತಂದ. ಅಲ್ಲಿಂದ ಮುಂದೆ 19ನೆಯ ಶತಮಾನದ ಮೇಜಿ ಕಾಲದವರೆಗೆ, ಐದೂವರೆ ಶತಮಾನ, ಈ ನೆಲ ಅದೇ ಮನೆತನದ ಕೈಯಲ್ಲಿತ್ತು. ಅಂದರೆ ನೊಮಾಓಯಿ ಈಗಿರುವ ಊರಿಗೆ ಅದು ವಲಸೆ ಬಂದ ಹಬ್ಬ. ಇಂದಿಗೂ ಸವಾರರು ಕೂಡಿ ಹಾಡುವ ಸೋಮಾ ನಾಗರೆಯಾಮಾ ಎಂಬ ಹಾಡಿನ ಹೆಸರಿನಲ್ಲಿ ಬಿಟ್ಟುಬಂದ ಆ ಚಿಬಾ ಕಡೆಯ ಊರಿದೆ.

ಮ್ಯೋಕೆನ್ ಧ್ರುವ ನಕ್ಷತ್ರದ ಮತ್ತು ನಾವು ಸಪ್ತರ್ಷಿ ಮಂಡಲ ಎನ್ನುವ ತಾರೆಗಳ ದೇವತೆ. ಚೀನಾದ ಮೂಲಕ ಜಪಾನಿಗೆ ಬಂದ ಬೌದ್ಧ ನಂಬಿಕೆಯೊಂದಿಗೆ ಬೆಸೆದುಕೊಂಡ ಈ ದೇವತೆ ಯೋಧರ ಮನೆಗಳಲ್ಲಿ ಯುದ್ಧದೇವತೆಯಾಗಿಯೂ ಪೂಜೆಗೊಂಡಿತು. ನಕಮುರಾ, ಓತಾ, ಒದಾಕಾ ಎಂಬ ಮೂರು ದೇವಾಲಯಗಳು ಇದರ ನೆಲೆ. ಹಳೆಯ ಸಂಸ್ಥಾನದ ಐದು ವಿಭಾಗಗಳು, ಅಂದರೆ ಉದಾ, ಕಿತಾ, ನಕಾ, ಒದಾಕಾ, ಷಿನೆಹಾ ಎಂಬ ಐದು ‘ಗೋ’ಗಳು, ಈ ಮೂರು ದೇವಾಲಯಗಳಿಗೆ ಹಂಚಿಹೋಗಿವೆ. ಸಂಸ್ಥಾನ ಅಳಿದು ನೂರೈವತ್ತು ವರ್ಷ ಕಳೆದರೂ ಸವಾರರು ಸಾಲುಗಟ್ಟುವುದು ಇದೇ ಐದು ವಿಭಾಗಗಳ ಪ್ರಕಾರ. ಈ ಮಾತನ್ನು ನೆನಪಿನಲ್ಲಿಡಿ. 2011ರ ಕಥೆಗೆ ಬಂದಾಗ ಇದು ಬೇಕಾಗುತ್ತದೆ.

ಮೊದಲ ದೊಡ್ಡ ಮಾರ್ಪಾಟು ಅಧಿಕಾರದ ಭಯದಿಂದ ಬಂದದ್ದು. ಕಾಮಾಕುರಾ ಕಾಲದಿಂದಲೂ ಕೇಂದ್ರದ ಆಡಳಿತ ಸಾಮಂತರ ಸೈನಿಕ ಕಸರತ್ತುಗಳ ಮೇಲೆ ಕಣ್ಣಿಟ್ಟಿತ್ತು. ಇಂಥ ತಾಲೀಮುಗಳಿಗೆ ನಿರ್ಬಂಧ ಬಿದ್ದಾಗಲೂ ನೊಮಾಓಯಿ ನಡೆಯಿತು. ಇದು ದೇವರ ಕಾರ್ಯ ಎಂದು ಸೋಮಾದವರು ಹೇಳಿದರು, ಆ ಮಾತು ನಡೆಯಿತು. ಇದನ್ನು ಬರೀ ನೆಪ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಹಿಡಿದ ಕುದುರೆ ದೇವರಿಗೆ ಸಲ್ಲುತ್ತಿದ್ದುದು ನಿಜ, ಅಟ್ಟುವಾಗ ಸೈನಿಕನ ತೊಡೆ ಬಿಗಿಯಾಗುತ್ತಿದ್ದುದೂ ನಿಜ. ಎರಡೂ ಒಟ್ಟಿಗೇ ನಡೆದಿದ್ದವು. ಯಾವುದನ್ನು ಮುಂದಕ್ಕೆ ಹಿಡಿಯಬೇಕು ಎಂಬುದು ಕಾಲ ನೋಡಿ ಮಾಡಿದ ತೀರ್ಮಾನ.

ಎದೊ ಕಾಲದಲ್ಲಿ, 17ನೆಯ ಶತಮಾನದಲ್ಲಿ, ಸಂಸ್ಥಾನಾಧಿಪತಿ ತಾದಾತಾನೆ ಸೈನ್ಯವ್ಯವಸ್ಥೆಯನ್ನು ತಿದ್ದಿದಾಗ ನೊಮಾಓಯಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ಅವನ ನಂತರದ ಮಸಾತಾನೆ ಅದನ್ನು ಊರೆಲ್ಲ ನೋಡುವ ಉತ್ಸವವಾಗಿ ಬೆಳೆಸಿದ. ಕಾಡುಕುದುರೆಗಳು ಹೊಲಕ್ಕೆ ನುಗ್ಗದಂತೆ, ಬಯಲು ಬಿಟ್ಟು ಹೋಗದಂತೆ ಸುತ್ತಲೂ ಮಣ್ಣಿನ ದಿಣ್ಣೆ ಎಬ್ಬಿಸಲಾಯಿತು. ಅದರ ತುಣುಕುಗಳು ಇಂದಿಗೂ ಮಿನಾಮಿಸೋಮಾದಲ್ಲಿ ಉಳಿದಿವೆ. ಯುದ್ಧವೇ ಇಲ್ಲದ ಎರಡೂವರೆ ಶತಮಾನದಲ್ಲಿ ಒಂದು ಸಂಸ್ಥಾನದ ಯೋಧರಿಗೆ ವರ್ಷಕ್ಕೊಮ್ಮೆ ತಾವು ಯೋಧರೆಂದು ಕಾಣಿಸಿಕೊಳ್ಳುವ ಜಾಗ ಇದಾಗಿತ್ತು.

ಇನ್ನು 1868ರ ನಂತರದ ಹತ್ತು ವರ್ಷಗಳಿಗೆ ಬರೋಣ. ನೊಮಾಓಯಿ ನಿಜವಾಗಿ ಸತ್ತು ಹುಟ್ಟಿದ್ದು ಆಗಲೇ. ಬೋಷಿನ್ ಯುದ್ಧ ಎಂಬ ಅಂತರ್ಯುದ್ಧದಲ್ಲಿ ಹಳೆಯ ವ್ಯವಸ್ಥೆ ಕುಸಿಯಿತು. ಹೊಸ ಮೇಜಿ ಸರ್ಕಾರ ಬೌದ್ಧ ಮತ್ತು ಷಿಂತೊ ಮತಗಳನ್ನು ಬೇರ್ಪಡಿಸಲು ಆಜ್ಞೆ ಹೊರಡಿಸಿತು. ಶತಮಾನಗಳಿಂದ ಬೌದ್ಧ ಬಣ್ಣದಲ್ಲಿ ಪೂಜೆಗೊಂಡಿದ್ದ ಮ್ಯೋಕೆನ್‌ನ ಗುಡಿಗಳು ಷಿಂತೊ ದೇವಾಲಯಗಳಾಗಬೇಕಾಯಿತು. ಮೂರೂ ಕಡೆ ಅಮೆ ನೊ ಮಿನಾಕಾನುಷಿ ಎಂಬ ಷಿಂತೊ ದೇವತೆಯ ಹೆಸರಿನಲ್ಲಿ ಪೂಜೆ ಶುರುವಾಯಿತು. 1871ರಲ್ಲಿ ಸಂಸ್ಥಾನಗಳು ರದ್ದಾದವು. ಯೋಧರಿಗೆ ಸಂಬಳ ಕೊಡುವ ಒಡೆಯನಿಲ್ಲ, ಬಯಲಿಗೆ ಕಾವಲು ಹಾಕುವ ಆಡಳಿತವಿಲ್ಲ. 1872ರಲ್ಲಿ ಹಳೆಯ ಸಂಸ್ಥಾನದ ನೆಲದಲ್ಲಿದ್ದ ಕಾಡುಕುದುರೆಗಳನ್ನೆಲ್ಲ ಹಿಡಿದು ಮುಗಿಸಲಾಯಿತು.

ಕಾಡುಕುದುರೆ ಅಟ್ಟುವ ಹಬ್ಬಕ್ಕೆ ಕಾಡುಕುದುರೆಯೇ ಇಲ್ಲವಾಯಿತು. ದೇವರ ಹೆಸರು ಬದಲಾಗಿದೆ, ಒಡೆಯ ಇಲ್ಲ, ಸೈನ್ಯ ಇಲ್ಲ, ಬಯಲಿನಲ್ಲಿ ಪ್ರಾಣಿ ಇಲ್ಲ. ಹಬ್ಬ ನಿಂತುಹೋಯಿತು. ಅದು ಅಲ್ಲಿಗೇ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಓತಾ ದೇವಾಲಯದ ಸುತ್ತಲಿನ ಜನ ಬಿಡಲಿಲ್ಲ. ಅವರು ಹಬ್ಬವನ್ನು ಮತ್ತೆ ಎಬ್ಬಿಸಲು ಪಟ್ಟುಹಿಡಿದರು. 1878ರಲ್ಲಿ ಗೃಹ ಇಲಾಖೆಯ ಒಪ್ಪಿಗೆ ಸಿಕ್ಕಿ ನೊಮಾಓಯಿ ಮರಳಿ ನಡೆಯಿತು. ಆದರೆ ಬಯಲಿನಲ್ಲಿ ಅಟ್ಟಲು ಕುದುರೆಗಳಿರಲಿಲ್ಲವಲ್ಲ? ಆ ಖಾಲಿ ಜಾಗವನ್ನು ತುಂಬಿದ ಎರಡು ಸ್ಪರ್ಧೆಗಳೇ ಈಗ ಜಗತ್ತಿಗೆ ನೊಮಾಓಯಿ ಎಂದು ಪರಿಚಯವಾಗಿರುವುದು. ಒಂದು ಕವಚ ತೊಟ್ಟವರ ಕುದುರೆ ಓಟ, ಇನ್ನೊಂದು ದೇವರ ಬಾವುಟಕ್ಕಾಗಿ ನಡೆಯುವ ಪೈಪೋಟಿ. ಫೋಟೊಗಳಲ್ಲಿ, ಪ್ರವಾಸದ ಭಿತ್ತಿಪತ್ರಗಳಲ್ಲಿ ಸಾವಿರ ವರ್ಷದ ಪರಂಪರೆ ಎಂದು ಕಾಣಿಸುವ ಈ ಎರಡೂ ಬೋಷಿನ್ ಯುದ್ಧದ ನಂತರದ ಸೇರ್ಪಡೆಗಳು. ಇದು ತಿಳಿದಾಗ ಕೆಲವರಿಗೆ ಮೋಸಹೋದಂತೆ ಅನಿಸುವುದುಂಟು. ನನಗೆ ಗೌರವ ಹೆಚ್ಚುತ್ತದೆ. ಸೋತವರ ಪಕ್ಷದಲ್ಲಿದ್ದು, ಕೆಲಸ ಹೋದ, ಮಾನ ಹೋದ ಯೋಧರ ಮಕ್ಕಳು ಕೈಯಲ್ಲಿ ಉಳಿದಿದ್ದರಿಂದಲೇ ಕಟ್ಟಿದ ಆಟಗಳು ಅವು.

ಬಾವುಟದ ಪೈಪೋಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡನೆಯ ದಿನ ಮಧ್ಯಾಹ್ನ, ಹಿಬಾರಿಗಾಹರಾ ಎಂಬ ಇಳಿಜಾರಿನ ಬಯಲು. ಬೆಳಗಿನ ಮೆರವಣಿಗೆ ಮುಗಿದಿದೆ, ಕವಚಧಾರಿಗಳ ಒಂದು ಸಾವಿರ ಮೀಟರ್ ಓಟವೂ ಆಗಿದೆ. ಓಡುವಾಗ ಶಿರಸ್ತ್ರಾಣ ತೆಗೆದು ಹಣೆಗೆ ಬಿಳಿ ಪಟ್ಟಿ ಕಟ್ಟಿದ್ದವರು ಈಗ ಬಯಲಿನ ನಡುವೆ ನೆರೆಯುತ್ತಾರೆ. ಶಂಖ ಮೊಳಗುತ್ತದೆ. ಸಿಡಿಮದ್ದಿನ ಗುಂಡು ಸುಮಾರು 150 ಮೀಟರ್ ಎತ್ತರಕ್ಕೆ ಹಾರಿ ಒಡೆಯುತ್ತದೆ. ಅದರೊಳಗಿಂದ ಎರಡು ಬಾವುಟಗಳು ಬಿಚ್ಚಿಕೊಂಡು ಗಾಳಿಯಲ್ಲಿ ತೇಲುತ್ತ ಇಳಿಯತೊಡಗುತ್ತವೆ. ನೂರಾರು ಕುದುರೆಗಳು ಮೇಲೆ ನೋಡುವ ಸವಾರರನ್ನು ಹೊತ್ತು ಒಮ್ಮೆ ಈ ಕಡೆ, ಗಾಳಿ ತಿರುಗಿದರೆ ಒಮ್ಮೆ ಆ ಕಡೆ ನುಗ್ಗುತ್ತವೆ. ಎತ್ತಿದ ಚಾವಟಿಗಳ ತುದಿಯಲ್ಲಿ ಬಾವುಟ ಸಿಕ್ಕಿಕೊಳ್ಳಬೇಕು. ಕುದುರೆಯ ಎದೆಗೆ ಕುದುರೆಯ ಎದೆ ತಾಗುತ್ತದೆ, ಯಾರೋ ಉರುಳುತ್ತಾರೆ. ಬಾವುಟ ಹಿಡಿದವನು ಅದನ್ನು ಎತ್ತಿ ತೋರಿಸುತ್ತ ಗುಡ್ಡದ ಅಂಕುಡೊಂಕು ದಾರಿಯಲ್ಲಿ ನಾಗಾಲೋಟದಿಂದ ಮೇಲೇರಿ, ಸೇನಾಪತಿಯ ಪೀಠವಿರುವ ಬಿಡಾರದ ಮುಂದೆ ನಿಲ್ಲುತ್ತಾನೆ. ಆ ಏರಿನ ಇಕ್ಕೆಲಗಳಲ್ಲಿ ಕೂತ ಊರವರ ಕೂಗು ಆಗ ಕೇಳಬೇಕು. ಹೀಗೆ ನಲವತ್ತು ಬಾವುಟ ಹಾರುತ್ತವೆ. ಕೆಂಪು, ನೀಲಿ, ಹಳದಿ ಬಣ್ಣಗಳು ಮೂರು ದೇವಾಲಯಗಳವು.

ಆ ಸೇನಾಪತಿಯ ಸ್ಥಾನದಲ್ಲಿ ಕೂರುವುದು ಸೋಮಾ ಮನೆತನದವರು ಅಥವಾ ಅವರ ಪರವಾಗಿ ನೇಮಕಗೊಂಡವರು. ಕೈಕೆಳಗಿನ ಸವಾರ ವರದಿ ಒಪ್ಪಿಸುವಾಗ ಹಳೆಯ ಯೋಧರ ಭಾಷೆಯಲ್ಲೇ ಒಪ್ಪಿಸಬೇಕು. ಮೆರವಣಿಗೆಯನ್ನು ಮಹಡಿಯ ಕಿಟಕಿಯಿಂದ ಕೆಳಗೆ ನೋಡುವ ಹಾಗಿಲ್ಲ, ಅದರ ದಾರಿಯನ್ನು ಅಡ್ಡಹಾಯುವಂತಿಲ್ಲ. ಅಡ್ಡ ಬಂದವರನ್ನು ಸವಾರರು ಗದರಿಸುವುದುಂಟು, ಜನ ತಪ್ಪು ತಿಳಿಯುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ರೈತರೋ ಅಂಗಡಿಯವರೋ ಕಚೇರಿಯ ನೌಕರರೋ ಆಗಿರುವವರು ಇವರು.

ಮೂರನೆಯ ದಿನಕ್ಕೆ ಅಷ್ಟು ಜನ ಸೇರುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಹಬ್ಬದ ಪ್ರಾಣವಿರುವುದು ಅಲ್ಲೇ. ಒದಾಕಾ ದೇವಾಲಯದ ಅಂಗಳದಲ್ಲಿ ಬಿದಿರಿನ ಬೇಲಿ ಕಟ್ಟಿರುತ್ತಾರೆ. ಜೀನಿಲ್ಲದ ಕುದುರೆಗಳನ್ನು ಸವಾರರು ಅಟ್ಟಿಕೊಂಡು ಬಂದು ಅದರೊಳಗೆ ನುಗ್ಗಿಸುತ್ತಾರೆ. ಬಿಳಿ ಬಟ್ಟೆ ತೊಟ್ಟ, ತಲೆಗೆ ಬಿಳಿ ಪಟ್ಟಿ ಕಟ್ಟಿದ ಆಳುಗಳು ಕೈಯಲ್ಲಿ ಏನೂ ಇಲ್ಲದೆ ಒಳಗೆ ಇಳಿಯುತ್ತಾರೆ. ದೇವರಿಗೆ ಸಲ್ಲಬೇಕಾದ ಕುದುರೆಗೆ ಉದ್ದನೆಯ ಕೋಲಿನಿಂದ ಗುರುತು ಹಾಕುತ್ತಾರೆ. ಅದು ಹೆದರಿ ಒದೆಯುತ್ತದೆ, ಬೇಲಿಗುಂಟ ಓಡುತ್ತದೆ. ಒಬ್ಬ ಕೇಸರಕ್ಕೆ ಜೋತುಬೀಳುತ್ತಾನೆ, ಇನ್ನೊಬ್ಬ ಕುತ್ತಿಗೆ ತಬ್ಬುತ್ತಾನೆ. ಕೊನೆಗೆ ಅದು ತಲೆ ತಗ್ಗಿಸಿದಾಗ ಹಗ್ಗ ಹಾಕಿ ದೇವರ ಮುಂದೆ ಒಯ್ದು ನಿಲ್ಲಿಸುತ್ತಾರೆ. ನಂತರ ಹಿಡಿದ ಕುದುರೆಗಳನ್ನು ಹಳೆಯ ರೂಢಿಯಂತೆ ಹರಾಜು ಕೂಗುತ್ತಾರೆ. ಮಸಾಕಾದೊನ ಐತಿಹ್ಯಕ್ಕೆ ತೀರ ಹತ್ತಿರವಿರುವ ವಿಧಿ ಇದೊಂದೇ. 1978ರ ಘೋಷಣೆಗೂ ಇದರ ಪ್ರಾಚೀನತೆ ಮುಖ್ಯ ಆಧಾರವಾಗಿತ್ತು. ಎರಡನೆಯ ದಿನದ ವೈಭವವನ್ನು ಹೊಸದಾಗಿ ಕಟ್ಟಿಕೊಂಡವರು ಮೂರನೆಯ ದಿನದ ಈ ಅರ್ಪಣೆಯನ್ನು ಮಾತ್ರ ಮುಟ್ಟಲಿಲ್ಲ. ಕಾಡುಕುದುರೆಯ ಬದಲಿಗೆ ಸಾಕಿದ ಕುದುರೆ ಬಂತು, ಅಷ್ಟೇ.

ಆ ಸಾಕಿದ ಕುದುರೆ ಯಾವುದು ಎಂಬುದೂ ಮುಖ್ಯ. ಹಳೆಯ ಕಾಲದ ಜಪಾನಿ ಕುದುರೆ ಗಿಡ್ಡ, ಗಟ್ಟಿಮುಟ್ಟು. ಮೇಜಿ ಸರ್ಕಾರ ಸೈನ್ಯಕ್ಕೆ ಎತ್ತರದ ಕುದುರೆ ಬೇಕೆಂದು ವಿದೇಶಿ ತಳಿಗಳೊಂದಿಗೆ ಬೆರಕೆ ಮಾಡಿಸಿತು. ಈಶಾನ್ಯದ ಹೆಸರಾಂತ ನಾಂಬು ತಳಿ ಹಾಗೆಯೇ ಅಳಿದುಹೋಯಿತು. ಮುಂದೆ ಟ್ರ್ಯಾಕ್ಟರ್ ಬಂದಾಗ ಹೊಲದ ಕುದುರೆಯೂ ಹೋಯಿತು. ಇಂದು ನೊಮಾಓಯಿಯ ಬಯಲಿನಲ್ಲಿ ಓಡುವ ಕುದುರೆಗಳಲ್ಲಿ ಹೆಚ್ಚಿನವು ರೇಸ್‌ಕೋರ್ಸುಗಳಿಂದ ನಿವೃತ್ತವಾದ ಥರೋಬ್ರೆಡ್‌ಗಳು. ಪಂದ್ಯದಲ್ಲಿ ಸೋತು, ಯಾರಿಗೂ ಬೇಡವಾಗಿ ಕಸಾಯಿಖಾನೆಯ ದಾರಿ ಹಿಡಿಯಬಹುದಾಗಿದ್ದ ಕುದುರೆಗಳಿಗೆ ಈ ಊರಿನ ಮನೆಗಳ ಹಿಂದಿನ ಲಾಯಗಳಲ್ಲಿ ಜಾಗ ಸಿಗುತ್ತದೆ. ಮೂರು ದಿನದ ಹಬ್ಬಕ್ಕಾಗಿ ಮುನ್ನೂರ ಅರವತ್ತೈದು ದಿನ ಹುಲ್ಲು ಹಾಕುವವರು ಅಲ್ಲಿ ಇನ್ನೂ ಇದ್ದಾರೆ.

2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ತೀವ್ರತೆಯ ಭೂಕಂಪ, ಅದರ ಹಿಂದೆಯೇ ಸುನಾಮಿ. ಮಿನಾಮಿಸೋಮಾ ಒಂದರಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. ಸವಾರರು ಸತ್ತರು, ಕುದುರೆಗಳು ಲಾಯದಲ್ಲೇ ಕೊಚ್ಚಿಹೋದವು, ತಲೆಮಾರುಗಳಿಂದ ಪೆಟ್ಟಿಗೆಯಲ್ಲಿಟ್ಟು ಕಾಯ್ದಿದ್ದ ಕವಚಗಳು ಕೆಸರು ಸೇರಿದವು. ಮರುದಿನದಿಂದ ದಕ್ಷಿಣದ ಫುಕುಷಿಮಾ ದಾಯಿಇಚಿ ಅಣುಸ್ಥಾವರದಲ್ಲಿ ಸ್ಫೋಟಗಳು. ಸ್ಥಾವರದ ಸುತ್ತ 20 ಕಿಲೊಮೀಟರ್ ವ್ಯಾಪ್ತಿಯನ್ನು ತೆರವುಗೊಳಿಸಲಾಯಿತು. ಒದಾಕಾ ಪೂರ್ತಿಯಾಗಿ ಅದರೊಳಗೆ ಬಿತ್ತು. ಐದು ವಿಭಾಗಗಳೆಂದು ಹೇಳಿದೆನಲ್ಲ, ಅವುಗಳಲ್ಲಿ ದಕ್ಷಿಣದ ಷಿನೆಹಾ ಎಂದರೆ ಇಂದಿನ ನಾಮಿಎ, ಫುತಾಬಾ, ಓಕುಮಾ ಪಟ್ಟಣಗಳು. ಸ್ಥಾವರ ನಿಂತಿರುವುದೇ ಫುತಾಬಾ ಮತ್ತು ಓಕುಮಾದ ನೆಲದಲ್ಲಿ. ಹಬ್ಬದ ಒಂದು ಇಡೀ ಪಡೆಗೆ ಊರೇ ಇಲ್ಲದಂತಾಯಿತು.

ನಿರ್ಬಂಧಿತ ವಲಯದ ದನಕರುಗಳನ್ನು ಕೊಲ್ಲಲು ಸರ್ಕಾರ ಸೂಚಿಸಿತು. ಹಬ್ಬದ ಕುದುರೆಗಳನ್ನು ಮಾತ್ರ ಉಳಿಸಿ ಹೊರಗೆ ಸಾಗಿಸಲು ಅನುಮತಿ ಸಿಕ್ಕಿತು. ರಾಷ್ಟ್ರದ ಸಾಂಸ್ಕೃತಿಕ ಆಸ್ತಿ ಎಂಬ ಆ ಘೋಷಣೆ ಕಾಗದದಿಂದ ಎದ್ದು ಬಂದು ಜೀವ ಉಳಿಸಿದ ಗಳಿಗೆ ಅದು. ಹಸಿವೆಯಿಂದ ಎಲುಬು ಕಾಣುತ್ತಿದ್ದ ಆ ಕುದುರೆಗಳ ಬದುಕನ್ನು ನಿರ್ದೇಶಕ ಮಾತ್ಸುಬಾಯಾಷಿ ಯೋಜು ‘ಮಾತ್ಸುರಿ ನೊ ಉಮಾ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ಕಷ್ಟಪಟ್ಟು ನೋಡಬೇಕಾದ ಚಿತ್ರ, ನೋಡಲೇಬೇಕಾದ ಚಿತ್ರ.

ಹಬ್ಬ ಆಗ ಜುಲೈನಲ್ಲಿ ನಡೆಯುತ್ತಿತ್ತು. ಆ ವರ್ಷದ ಜುಲೈನಲ್ಲಿ ಅದನ್ನು ಮಾಡಬೇಕೆ? ಸಾವಿನ ಮನೆಯಲ್ಲಿ ಉತ್ಸವವೇ ಎಂದು ಕೇಳುವುದು ಸಹಜ. ಹಿಬಾರಿಗಾಹರಾದ ಓಟ ಇಲ್ಲ, ಬಾವುಟಗಳಿಲ್ಲ. ಆದರೂ ಸುಮಾರು 80 ಸವಾರರು ಕುದುರೆ ಏರಿದರು. ಸತ್ತವರಿಗಾಗಿ ಮತ್ತು ಊರು ಮತ್ತೆ ಎದ್ದು ನಿಲ್ಲಲೆಂದು ಪ್ರಾರ್ಥಿಸಿ, ದೇವಾಲಯದ ವಿಧಿಗಳನ್ನು ಮಾಡಿ, ಬೀದಿಯಲ್ಲಿ ಸಾಗಿದರು. ಹಿಂದಿನ ವರ್ಷ ಸುಮಾರು 500 ಕುದುರೆಗಳಿದ್ದ ಹಬ್ಬ ಇದು. ಎಲ್ಲ ಅಬ್ಬರ ಕಳಚಿದಾಗ ಅವರು ಉಳಿಸಿಕೊಂಡಿದ್ದು ಯಾವುದನ್ನು ಎಂಬುದನ್ನು ಗಮನಿಸಿ: ದೇವರ ಮುಂದೆ ಕುದುರೆಯೊಂದಿಗೆ ಹಾಜರಾಗುವುದನ್ನು. 1878ರಲ್ಲಿ ಉಳಿದಿದ್ದೂ ಅದೇ.

2012ರಲ್ಲಿ ಒದಾಕಾಕ್ಕೆ ಹಗಲು ಹೊತ್ತು ಹೋಗಿಬರಲು ಅವಕಾಶ ಸಿಕ್ಕಿತು. ರಾತ್ರಿ ತಂಗುವಂತಿಲ್ಲ, ಬೀದಿಯಲ್ಲಿ ಜನವಿಲ್ಲ. ಆದರೂ ಆ ವರ್ಷ ಸುಮಾರು 400 ಸವಾರರು ಹಿಬಾರಿಗಾಹರಾಕ್ಕೆ ಮರಳಿದರು, ಮೂರನೆಯ ದಿನದ ಕುದುರೆ ಹಿಡಿಯುವ ವಿಧಿ ಒದಾಕಾ ದೇವಾಲಯದ ಅಂಗಳದಲ್ಲೇ ನಡೆಯಿತು. ಒದಾಕಾದ ಜನ ಮನೆಗೆ ಮರಳಿ ವಾಸಿಸಲು ಸಾಧ್ಯವಾದದ್ದು 2016ರ ಜುಲೈನಲ್ಲಿ. ಅಂದರೆ ಅಲ್ಲಿ ಮನುಷ್ಯರಿಗಿಂತ ನಾಲ್ಕು ವರ್ಷ ಮೊದಲು ಹಬ್ಬ ಊರಿಗೆ ಬಂತು. ಷಿನೆಹಾದವರು ಚದುರಿಹೋದ ಊರುಗಳಿಂದ ಹೊರಟು, ತಮ್ಮ ಹಳೆಯ ವಿಭಾಗದ ಹೆಸರಿನಲ್ಲೇ ಸಾಲಿಗೆ ನಿಂತರು. ನಕಾಶೆಯಲ್ಲಿ ವಾಸಯೋಗ್ಯವಲ್ಲ ಎಂದು ಗುರುತಿಸಿದ ಊರಿಗೆ ಕುದುರೆಯ ಸಾಲಿನಲ್ಲಿ ಒಂದು ಜಾಗ ಉಳಿದಿತ್ತು.

ಕೋವಿಡ್ ಬಂದ 2020ರಲ್ಲಿ ಪ್ರೇಕ್ಷಕರಿಲ್ಲದೆ ವಿಧಿಗಳಷ್ಟೇ ನಡೆದವು. ಹಿಂದಿನ ಅನುಭವವಿದ್ದವರಿಗೆ ಅದು ಹೊಸ ಪಾಠವೇನಾಗಿರಲಿಲ್ಲ.

ಇದೆಲ್ಲಕ್ಕಿಂತ ಕಠಿಣ ಪರೀಕ್ಷೆ ಎಂದು ನಾನು ತಿಳಿದಿರುವುದು 2023ರದು. ಹಬ್ಬದ ದಿನಾಂಕ ಎಂದೂ ಕಲ್ಲಿನಲ್ಲಿ ಕೊರೆದದ್ದಾಗಿರಲಿಲ್ಲ. ಹಳೆಯ ಚಾಂದ್ರಮಾನದ ಐದನೆಯ ತಿಂಗಳಿನಿಂದ ಹೊಸ ಪಂಚಾಂಗದ ಜುಲೈಗೆ ಬಂದು, ಜುಲೈ ಒಳಗೇ ಹಿಂದುಮುಂದು ಸರಿದು, ಕೊನೆಗೆ ಸವಾರರ ರಜೆ ಮತ್ತು ನೋಡುವವರ ಅನುಕೂಲಕ್ಕಾಗಿ ತಿಂಗಳ ಕೊನೆಯ ವಾರಾಂತ್ಯಕ್ಕೆ ನಿಂತಿತ್ತು. ಆ ಜುಲೈ ವರ್ಷದಿಂದ ವರ್ಷಕ್ಕೆ ಸುಡತೊಡಗಿತು. 2023ರ ಕಡುಬಿಸಿಲಿನಲ್ಲಿ ಎರಡು ಕುದುರೆಗಳು ಸತ್ತವು. ನೂರಕ್ಕೂ ಹೆಚ್ಚು ಕುದುರೆಗಳು ಬಿಸಿಲಿನ ಹೊಡೆತಕ್ಕೆ ಬಳಲಿದವು, ಜನರೂ ಕುಸಿದುಬಿದ್ದರು. ಸಂಘಟಕರು ಆಮೇಲೆ ಕಾಲಹರಣ ಮಾಡಲಿಲ್ಲ. 2024ರಲ್ಲಿ ಹಬ್ಬ ಮೇ 25ರಿಂದ 27ರವರೆಗೆ, ಎರಡು ತಿಂಗಳು ಮುಂಚಿತವಾಗಿ ನಡೆಯಿತು.

ಇದು ಇನ್ನೂ ಮೊದಲೇ ಆಗಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಕವಚದ ಭಾರ, ಅದನ್ನು ತೊಟ್ಟ ಸವಾರ, ಕೆಳಗೆ ಪಂದ್ಯಕ್ಕೆಂದು ಬೆಳೆಸಿದ ಬೇಗ ಕಾಯುವ ಮೈ. ಆ ಜೀವ ಮೌನವಾಗಿ ಹೊತ್ತು ನಿಂತಿತ್ತು. ಆದರೆ ಈ ತೀರ್ಮಾನದ ತೂಕವನ್ನೂ ಹೇಳಬೇಕು. ಇದುವರೆಗೆ ಹಬ್ಬ ಬದಲಾದದ್ದು ದೊರೆಗಾಗಿ, ಸರ್ಕಾರಕ್ಕಾಗಿ, ರಜೆಗಾಗಿ. ಈ ಸಲ ಬದಲಾದದ್ದಕ್ಕೆ ಕುದುರೆ ಕಾರಣ. ಜಪಾನಿನ ಬೇರೆಡೆಯೂ ಇದೇ ಗಾಳಿ ಬೀಸುತ್ತಿದೆ. ಮಿಎ ಪ್ರಾಂತ್ಯದ ತಾದೊ ದೇವಾಲಯದಲ್ಲಿ ಹುಡುಗರು ಕಡಿದಾದ ಏರಿನಲ್ಲಿ ಕುದುರೆ ಓಡಿಸಿ ಮೇಲಿನ ಮಣ್ಣಿನ ಗೋಡೆ ಹಾರಿಸುವ ಹಬ್ಬವಿದೆ. 2023ರಲ್ಲಿ ಅಲ್ಲಿ ಕಾಲು ಮುರಿದ ಕುದುರೆಯೊಂದನ್ನು ಕೊಲ್ಲಬೇಕಾಗಿ ಬಂತು, ದೇಶದಾದ್ಯಂತ ಆಕ್ಷೇಪ ಎದ್ದಿತು. ಮರುವರ್ಷ ಗೋಡೆಯನ್ನು ತೆಗೆದು ಏರನ್ನು ಸಲೀಸು ಮಾಡಿದರು. ಗೋಡೆಯೇ ಇಲ್ಲದ ಮೇಲೆ ಹಾರುವುದೇನು ಎಂದು ಅಲ್ಲಿಯೂ ಕೇಳಿದವರಿದ್ದರು. ಸೋಮಾದವರು ಆ ಪ್ರಶ್ನೆಯನ್ನು 1872ರಲ್ಲೇ ಎದುರಿಸಿದ್ದರು.

ಇನ್ನೊಂದು ಕಟ್ಟುಪಾಡು ಸಡಿಲಾಗಲು ಮಾತ್ರ 2025ರವರೆಗೆ ಕಾಯಬೇಕಾಯಿತು. ಹೆಣ್ಣುಮಕ್ಕಳು ಸವಾರರಾಗಬೇಕಾದರೆ ಇಪ್ಪತ್ತು ವರ್ಷದೊಳಗಿರಬೇಕು, ಮದುವೆಯಾಗಿರಬಾರದು ಎಂಬ ನಿಯಮವಿತ್ತು. ಎಳವೆಯಲ್ಲೇ ಕುದುರೆಯ ಮೈ ತಿಕ್ಕಿ, ಮೇವು ಹಾಕಿ, ಬಯಲಿನಲ್ಲಿ ಬಾವುಟ ಹಿಡಿಯಲು ಕಲಿತ ಹುಡುಗಿ ಇಪ್ಪತ್ತು ತುಂಬಿದ ಕೂಡಲೇ ಕೆಳಗಿಳಿಯಬೇಕಿತ್ತು. ಅದೇ ಮನೆಯ ಅವಳ ತಮ್ಮ ಮುದುಕನಾಗುವವರೆಗೆ ಸವಾರಿ ಮಾಡಬಹುದಿತ್ತು. 2025ರ ಮೇ ತಿಂಗಳ ಹಬ್ಬದಿಂದ ಆ ನಿಯಮ ಹೋಯಿತು. ಮದುವೆಯಾದ ಹೆಂಗಸರು, ಮಕ್ಕಳ ತಾಯಂದಿರು ಕವಚ ತೊಟ್ಟು ಸಾಲಿಗೆ ಬಂದರು. ಸವಾರರ ಸಂಖ್ಯೆ ಕುಗ್ಗುತ್ತಿರುವುದೂ ಇದಕ್ಕೆ ಕಾರಣವಿರಬಹುದು. ಇರಲಿ. ಲಾಯದ ಕೆಲಸವನ್ನು ಮೊದಲಿನಿಂದಲೂ ಹಂಚಿಕೊಂಡಿದ್ದವರಿಗೆ ಸಲ್ಲಬೇಕಾದದ್ದು ಸಂದಿದೆ ಎಂಬುದೇ ನನಗೆ ಮುಖ್ಯ.

ಮುಂದಿನ ಕಷ್ಟ ಯಾವುದೆಂದು ಆ ಊರಿನವರಿಗೆ ಗೊತ್ತಿದೆ. ಅಣು ದುರಂತದ ನಂತರ ಬೇರೆಡೆ ಬೇರುಬಿಟ್ಟ ಕುಟುಂಬಗಳಲ್ಲಿ ಎಲ್ಲವೂ ಮರಳಿಲ್ಲ, ಯುವಕರು ಕಡಿಮೆ, ಮನೆಯ ಹಿಂದೆ ಲಾಯ ಇಟ್ಟುಕೊಳ್ಳುವುದು ದುಬಾರಿ. ಬಾಡಿಗೆ ಕುದುರೆ ತಂದು ಹಬ್ಬ ಮಾಡುವವರೂ ಇದ್ದಾರೆ. ವರ್ಷವಿಡೀ ಕುದುರೆಯೊಂದಿಗೆ ಬದುಕುವವರು ಸಾಕಷ್ಟು ಉಳಿಯದಿದ್ದರೆ ಒದಾಕಾದ ಬೇಲಿಯೊಳಗೆ ಬರಿಗೈಯಲ್ಲಿ ಇಳಿಯುವ ಧೈರ್ಯ ಯಾರಿಗೆ ಇರುತ್ತದೆ? ಕುದುರೆಯ ಕಿವಿ ಹಿಂದಕ್ಕೆ ಮಡಚಿದರೆ ಏನರ್ಥ, ಅದು ಯಾವ ಕಾಲಿನಿಂದ ಒದೆಯಲಿದೆ, ಯಾವ ಗಳಿಗೆಯಲ್ಲಿ ಕುತ್ತಿಗೆಗೆ ಕೈ ಹಾಕಬೇಕು ಎಂಬುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ದಿನಾಂಕವನ್ನು ಸಭೆಯಲ್ಲಿ ಕೂತು ಬದಲಿಸಬಹುದು, ನಿಯಮವನ್ನು ಕೈಬಿಡಬಹುದು. ಈ ವಿದ್ಯೆಯನ್ನು ದಾಟಿಸಲು ಪ್ರತಿದಿನ ಬೆಳಗ್ಗೆ ಲಾಯಕ್ಕೆ ಹೋಗುವ ಒಬ್ಬ ಹಿರಿಯನೂ ಅವನ ಹಿಂದೆ ಬಕೆಟ್ ಹಿಡಿದು ನಡೆಯುವ ಒಬ್ಬ ಕಿರಿಯನೂ ಬೇಕು. ಊರಿಗೆ ಮರಳಿದ ಮನೆಗಳಲ್ಲಿ ಎಷ್ಟು ಲಾಯಗಳು ಮತ್ತೆ ತೆರೆಯುತ್ತವೆ ಎಂಬುದನ್ನೇ ನಾನು ಇನ್ನು ಮುಂದೆ ಗಮನಿಸುತ್ತಿರುತ್ತೇನೆ.